ಮೊದಲು ಬೀಜ, ಆಮೇಲೆ ಗಿರಣಿ, ಕೊನೆಗೆ ಫಿಲ್ಟರ್: ಮನೆಯ ಕಾಫಿಗೆ ಒಂದು ಮಾರ್ಗದರ್ಶಿ

ಚಿಕ್ಕಮಗಳೂರಿಗೆ ಬಂದ ನೆಂಟರು ಹೊರಡುವ ಹೊತ್ತಿಗೆ ತಪ್ಪದೆ ಕೇಳುತ್ತಾರೆ, "ಒಳ್ಳೆಯ ಕಾಫಿ ಪುಡಿ ಎಲ್ಲಿ ಸಿಗುತ್ತದೆ?" ಎರಡು ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ. ಮೂರು ತಿಂಗಳಾದರೂ ಅದೇ ಪುಡಿ ಡಬ್ಬದಲ್ಲಿರುತ್ತದೆ, ಪರಿಮಳ ಮಾತ್ರ ಎಂದೋ ಹೋಗಿರುತ್ತದೆ. ಅಂಗಡಿಯವನು ಮೋಸ ಮಾಡಿದ ಎಂಬ ದೂರು ಬೇರೆ. ಇನ್ನು ಕೆಲವರದು ಇನ್ನೊಂದು ಬಗೆ. ಹತ್ತಾರು ಸಾವಿರ ಕೊಟ್ಟು ಎಸ್ಪ್ರೆಸೊ ಯಂತ್ರ ತರುತ್ತಾರೆ, ಅದಕ್ಕೆ ಹಾಕುವುದು ಯಾವತ್ತೋ ಹುರಿದು ಯಾವತ್ತೋ ಬೀಸಿದ ಪುಡಿ.

ಮನೆಯ ಕಾಫಿಗೆ ಹಣ ಹಾಕುವುದಕ್ಕೆ ಒಂದು ಕ್ರಮವಿದೆ. ಮೊದಲು ಹೊಸದಾಗಿ ಹುರಿದ ಬೀಜ, ಆಮೇಲೆ ಅದನ್ನು ಬೀಸುವ ಗಿರಣಿ, ಕೊನೆಗೆ ಕಾಫಿ ಇಳಿಸುವ ಪಾತ್ರೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಒಳ್ಳೆಯ ಬೀಜಕ್ಕೆ ಸಾಧಾರಣ ಸ್ಟೀಲ್ ಫಿಲ್ಟರ್ ಸಾಕು. ಹಳಸಿದ ಪುಡಿಯನ್ನು ಯಾವ ಯಂತ್ರವೂ ಉಳಿಸುವುದಿಲ್ಲ.

ಬೀಜ: ಅಂಗಡಿಯಲ್ಲಿ ಏನು ಕೇಳಬೇಕು, ಏನು ನೋಡಬೇಕು

ಅಂಗಡಿಯಲ್ಲಿ ಬೆಲೆಗಿಂತ, ತಳಿಗಿಂತ ಮೊದಲು ಕೇಳಬೇಕಾದದ್ದು "ಯಾವತ್ತು ಹುರಿದದ್ದು?" ಎಂದು. ಹುರಿದ ಬೀಜ ತನ್ನೊಳಗಿನಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಮೊದಲ ಎರಡು ಮೂರು ದಿನ ಈ ಅನಿಲ ಹೆಚ್ಚಾಗಿದ್ದು ನೀರು ಪುಡಿಯನ್ನು ಸರಿಯಾಗಿ ನೆನೆಸಲು ಬಿಡುವುದಿಲ್ಲ. ಅಲ್ಲಿಂದ ಮುಂದೆ ಸುಮಾರು ಒಂದು ತಿಂಗಳು ಬೀಜಕ್ಕೆ ಒಳ್ಳೆಯ ಕಾಲ. ಬೀಸಿ ಪುಡಿ ಮಾಡಿದರೆ ಈ ಅವಧಿ ಒಂದೆರಡು ವಾರಕ್ಕೆ ಇಳಿಯುತ್ತದೆ. ಪೊಟ್ಟಣದ ಮೇಲಿರುವುದು ಹಲವು ಬಾರಿ ಪ್ಯಾಕ್ ಮಾಡಿದ ದಿನಾಂಕ, ಹುರಿದ ದಿನಾಂಕವಲ್ಲ. ಎರಡರ ನಡುವೆ ಎಷ್ಟು ದಿನ ಕಳೆದಿತ್ತು ಎಂಬುದು ಪೊಟ್ಟಣಕ್ಕೇ ಗೊತ್ತು. ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆ, ಹಾಸನಗಳಲ್ಲಿ ಅಂಗಡಿಯಲ್ಲೇ ಹುರಿದು ಪುಡಿ ಮಾಡಿಕೊಡುವವರು ಇನ್ನೂ ಇದ್ದಾರೆ. ನಮ್ಮ ಭಾಗದವರಿಗೆ ಇರುವ ಈ ಅನುಕೂಲವನ್ನು ಬಳಸಿಕೊಳ್ಳಿ. ಒಂದು ಸಲಕ್ಕೆ 250 ಗ್ರಾಂ ಸಾಕು. ಮುಗಿದಾಗ ಮತ್ತೆ ಹೋಗಿ.

ಎರಡನೆಯದು ಅರೇಬಿಕಾ ಮತ್ತು ರೊಬಸ್ಟಾ ಲೆಕ್ಕ. ನಾಲ್ಕು ಬೀಜ ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅರೇಬಿಕಾ ತುಸು ಉದ್ದ, ಚಪ್ಪಟೆ. ನಡುವಿನ ಗೆರೆ ಬಳುಕಿರುತ್ತದೆ. ರೊಬಸ್ಟಾ ಗುಂಡಗಿದ್ದು ಗೆರೆ ಹೆಚ್ಚುಕಡಿಮೆ ನೇರವಾಗಿರುತ್ತದೆ. ಬಾಬಾಬುಡನ್‌ಗಿರಿ ಸಾಲಿನ ಇಳಿಜಾರು, ಮಲ್ಲಂದೂರಿನ ಕಡೆಯ ತೋಟಗಳು, ಹೀಗೆ ಸಾವಿರ ಮೀಟರಿನ ಆಸುಪಾಸು ಮತ್ತು ಅದಕ್ಕೂ ಮೇಲಿನ ಜಾಗಗಳಲ್ಲಿ ಅರೇಬಿಕಾ ಚೆನ್ನಾಗಿ ಬರುತ್ತದೆ. ತಗ್ಗಿನ, ಬೆಚ್ಚನೆಯ ತೋಟಗಳಿಗೆ ರೊಬಸ್ಟಾ. ಅರೇಬಿಕಾದಲ್ಲಿ ಹುಳಿ, ಸಿಹಿ, ಪರಿಮಳ ಹೆಚ್ಚು, ಕೆಫೀನ್ ಸುಮಾರು ಶೇ. 1.2. ರೊಬಸ್ಟಾದಲ್ಲಿ ಕಹಿ, ಗಟ್ಟಿತನ ಹೆಚ್ಚು, ಕೆಫೀನ್ ಸುಮಾರು ಶೇ. 2.2. "ಶೇ. 100 ಅರೇಬಿಕಾ" ಎಂದು ದಪ್ಪಕ್ಷರದಲ್ಲಿ ಬರೆದುಕೊಳ್ಳುವುದು ಈಗಿನ ರೂಢಿ. ಹಾಲು ಹಾಕದೆ ಕುಡಿಯುವವರಿಗೆ ಅದು ಸರಿ. ಹಾಲು, ಸಕ್ಕರೆ ಹಾಕಿ ಕುಡಿಯುವ ಮನೆಗೆ ಬರೀ ಅರೇಬಿಕಾ ತಂದರೆ ಹಾಲಿನೊಳಗೆ ಕಾಫಿಯನ್ನು ಹುಡುಕಬೇಕಾಗುತ್ತದೆ. ಮೂರರಲ್ಲಿ ಎರಡು ಪಾಲು ಅರೇಬಿಕಾ, ಒಂದು ಪಾಲು ರೊಬಸ್ಟಾ ಹಾಕಿಸಿ. ಹಾಲಿನ ಕಾಫಿಗೆ ಇದಕ್ಕಿಂತ ಒಳ್ಳೆಯ ಮಿಶ್ರಣ ನನಗೆ ಸಿಕ್ಕಿಲ್ಲ.

ಇನ್ನು ಚೀಲದ ಮೇಲಿನ ಹೆಸರುಗಳು. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾಕ್ಕೆ ವ್ಯಾಪಾರದಲ್ಲಿ ಪ್ಲಾಂಟೇಷನ್ ಎನ್ನುತ್ತಾರೆ, ಹಾಗೆಯೇ ತೊಳೆದು ಮಾಡಿದ ರೊಬಸ್ಟಾಕ್ಕೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರವಿ ಒಣಗಿಸಿದ್ದು ಚೆರಿ. ಪ್ಲಾಂಟೇಷನ್ ರುಚಿಯಲ್ಲಿ ಸ್ವಚ್ಛ, ಚೆರಿ ಹೆಚ್ಚು ಗಡುಸು. ಎಎ, ಎ, ಬಿ ಎಂಬ ಅಕ್ಷರಗಳು ಹೇಳುವುದು ಮುಖ್ಯವಾಗಿ ಬೀಜದ ಗಾತ್ರವನ್ನು. ದೊಡ್ಡ ಬೀಜ ಒಂದೇ ಸಮನಾಗಿ ಹುರಿಯುತ್ತದೆ, ನೋಡಲು ಚೆಂದ, ಬೆಲೆಯೂ ಹೆಚ್ಚು. ಆದರೆ ಅಕ್ಷರ ನೋಡಿ ರುಚಿ ಊಹಿಸಲಾಗದು. ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ಗುಂಡು ಬೀಜ ಬೆಳೆದರೆ ಅದು ಪೀಬೆರಿ. ಪೀಬೆರಿ ಎಂದರೆ ಸಾಕು, ಕಣ್ಣುಮುಚ್ಚಿ ಹೆಚ್ಚು ಬೆಲೆ ಕೊಡುವವರಿದ್ದಾರೆ. ಅದೇ ತೋಟದ, ಅದೇ ವರ್ಷದ ಒಳ್ಳೆಯ ಪ್ಲಾಂಟೇಷನ್ ಎ ಪಕ್ಕದಲ್ಲಿಟ್ಟು ಕುಡಿದು ನೋಡಿ, ಆಮೇಲೆ ತೀರ್ಮಾನಿಸಿ.

ತೋಟದಿಂದ ನೇರ ಕೊಳ್ಳುವವರು ತಳಿಯನ್ನೂ ಕೇಳಬಹುದು. 1940ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಹೊರಬಂದ ಎಸ್. 795 ಇಂದಿಗೂ ನಮ್ಮ ತೋಟಗಳಲ್ಲಿ ಧಾರಾಳವಾಗಿದೆ. ಹದವಾಗಿ ಹುರಿದರೆ ಸಮತೋಲದ, ಎಲ್ಲರಿಗೂ ಒಗ್ಗುವ ಕಾಫಿ ಅದು. ಇಥಿಯೋಪಿಯಾ ಮೂಲದ ತಳಿಯ ಸಂಬಂಧವಿರುವ ಸೆಲೆಕ್ಷನ್ 9ರಲ್ಲಿ ಪರಿಮಳ ಹೆಚ್ಚು, ಹಾಲಿಲ್ಲದ ಕಾಫಿಗೆ ನನ್ನ ಮೊದಲ ಆಯ್ಕೆ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಗಿಡ್ಡ ತಳಿ, ಬೀಜ ದಪ್ಪ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಅದು ಬೀಜದ ಊರನ್ನು ಹೇಳುತ್ತದೆ, ಹುರಿದ ದಿನವನ್ನಲ್ಲ.

ಇಲ್ಲಿ ಒಂದು ಮಾತು ಹೇಳದೆ ಇರಲಾಗದು. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲಿ ಹೆಚ್ಚಿನದು ಹಡಗು ಹತ್ತುತ್ತದೆ. ತೋಟದ ಮನೆಗಳಲ್ಲೂ ಒಳ್ಳೆಯದನ್ನು ಮಾರಿ, ಗಿಡದಡಿಯಿಂದ ಹೆಕ್ಕಿದ ಉದುರು ಕಾಯನ್ನು ಮನೆ ಖರ್ಚಿಗೆ ಇಟ್ಟುಕೊಳ್ಳುವುದು ಹಳೆಯ ಅಭ್ಯಾಸ. "ನಮ್ಮ ತೋಟದ್ದೇ ಪುಡಿ" ಎಂದು ಯಾರಾದರೂ ಪ್ರೀತಿಯಿಂದ ಕೊಟ್ಟರೆ ಬೇಡ ಎನ್ನಬೇಡಿ, ಆದರೆ ಬೀಜವನ್ನೇ ಕೇಳಿ ಪಡೆದು ಮೊರದಲ್ಲಿ ಹರವಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೆ ಕಾಯಿಕೊರಕ ಹುಳು ತಿಂದದ್ದು. ಪೂರ್ತಿ ಕಪ್ಪಗಾದದ್ದು, ಮುರಿದದ್ದು, ಹುರಿದ ಮೇಲೂ ತೀರಾ ಪೇಲವವಾಗಿ ಉಳಿದದ್ದು, ಇವನ್ನೆಲ್ಲ ಆರಿಸಿ ತೆಗೆಯಿರಿ. ಪೇಲವ ಬೀಜ ಬಲಿಯದ ಕಾಯಿಯದು, ನಾಲ್ಕೈದು ಇದ್ದರೂ ಲೋಟದಲ್ಲಿ ಹಸಿ ಕಡಲೆಕಾಯಿಯ ರುಚಿ ಬರುತ್ತದೆ. ಅಕ್ಕಿ ಆರಿಸಿ ಅಭ್ಯಾಸವಿದ್ದವರಿಗೆ ಇದು ಐದು ನಿಮಿಷದ ಕೆಲಸ.

ಹುರಿಯುವ ಹದದ ಬಗ್ಗೆ ದೀರ್ಘ ವಾದ ಬೇಡ. ಫಿಲ್ಟರ್ ಕಾಫಿಗೆ ಮಧ್ಯಮದಿಂದ ತುಸು ಗಾಢ, ಎಂದರೆ ಬೀಜ ಕಂದಾಗಿದ್ದು ಮೈಮೇಲೆ ಎಣ್ಣೆ ಇನ್ನೂ ಹೆಚ್ಚು ಜಿನುಗಿರಬಾರದು. ಹಾಲಿಲ್ಲದ ಕಾಫಿಗೆ ಇನ್ನೂ ತಿಳಿ ಹದವಾಗಬಹುದು. ಕಪ್ಪಗೆ, ಎಣ್ಣೆ ಮೆತ್ತಿಕೊಂಡು ಹೊಳೆಯುವ ಬೀಜ ಯಾವ ತೋಟದ್ದಾದರೂ ಅದರಲ್ಲಿ ಉಳಿದಿರುವುದು ಸುಟ್ಟ ರುಚಿ ಮಾತ್ರ. ಮನೆಯಲ್ಲೇ ಹುರಿಯುವ ಆಸೆಯಿದ್ದರೆ ದಪ್ಪ ಕಬ್ಬಿಣದ ಬಾಣಲೆ, 200 ಗ್ರಾಂ ಹಸಿರು ಬೀಜ, ಬಿಡದೆ ಕೈಯಾಡಿಸುವ ತಾಳ್ಮೆ ಸಾಕು. ಬೀಜ ಚಟಚಟ ಸಿಡಿಯಲು ಆರಂಭಿಸಿ ಆ ಸದ್ದು ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಇಳಿಸಿ, ಕೂಡಲೇ ಮೊರಕ್ಕೆ ಸುರಿದು ಗಾಳಿಗೆ ಆರಿಸಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ. ತೂಕದಲ್ಲಿ ಆರನೇ ಒಂದು ಪಾಲು ಕಡಿಮೆಯಾದರೆ ಗಾಬರಿ ಬೇಡ, ಅದು ಸಹಜ. ಹೊಗೆ ಧಾರಾಳವಾಗಿ ಬರುತ್ತದೆ, ಅಡುಗೆಮನೆಯ ಒಡತಿಯನ್ನೋ ಒಡೆಯನನ್ನೋ ಮೊದಲೇ ಕೇಳಿಕೊಳ್ಳಿ.

ಚಿಕೋರಿ ಎಷ್ಟು?

ಕಾಫಿ ಅಂಗಡಿಯಲ್ಲಿ "ಎಷ್ಟು ಮಿಕ್ಸ್ ಹಾಕಲಿ ಸಾರ್?" ಎಂದು ಕೇಳುವುದು ಚಿಕೋರಿಯ ಬಗ್ಗೆ. ಅದೊಂದು ಬೇರು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆದು, ಒಣಗಿಸಿ, ಹುರಿದು ತರುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ ಕೊಡುತ್ತದೆ, ಗಟ್ಟಿತನ ಕೊಡುತ್ತದೆ, ನೀರು ಹೀರಿ ಉಬ್ಬಿ ಡಿಕಾಕ್ಷನ್ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ. ಕಾಫಿಗಿಂತ ಅಗ್ಗವೂ ಹೌದು. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು. ಬರೆದಿರುತ್ತಾರೆ, ಸಣ್ಣ ಅಕ್ಷರದಲ್ಲಿ. ಹೆಸರಾಂತ ಪೊಟ್ಟಣವನ್ನೊಮ್ಮೆ ತಿರುಗಿಸಿ ಓದಿ, ಅರ್ಧದ ಹತ್ತಿರ ಬೇರಿಗೇ ಹಣ ಕೊಡುತ್ತಿದ್ದೀರಾ ಎಂದು ತಿಳಿಯುತ್ತದೆ.

ಚಿಕೋರಿಯನ್ನು ಪಾಪವೆಂದು ಭಾವಿಸುವವನು ನಾನಲ್ಲ. ಹಾಲಿನ ಕಾಫಿಗೆ ಶೇ. 10ರಿಂದ 20ರವರೆಗೆ ಅದು ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾದರೆ ನಾಲಿಗೆಯ ಹಿಂಭಾಗದಲ್ಲಿ ಸುಟ್ಟ ಬೆಲ್ಲದಂಥ ಕಹಿ ನಿಲ್ಲುತ್ತದೆ. ಮನೆಯಲ್ಲಿರುವ ಪುಡಿಯ ಮೇಲೆ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಒಂದು ಚಮಚ ಪುಡಿ ಉದುರಿಸಿ, ಕಲಕಬೇಡಿ. ಕಾಫಿ ಪುಡಿ ತೇಲುತ್ತದೆ. ಚಿಕೋರಿಯ ಕಣಗಳು ತಕ್ಷಣ ಮುಳುಗುತ್ತಾ, ಹೋದ ದಾರಿಯಲ್ಲೆಲ್ಲ ಕಂದು ಎಳೆಗಳನ್ನು ಬಿಡುತ್ತವೆ. ಶುದ್ಧ ಕಾಫಿ ಎಂದು ಕೊಟ್ಟದ್ದರಲ್ಲಿ ಈ ಎಳೆಗಳು ಕಂಡರೆ ಮುಂದಿನ ಸಲ ಬೇರೆ ಅಂಗಡಿ ನೋಡಿಕೊಳ್ಳಿ.

ಗಿರಣಿ

ಉಪಕರಣಗಳಲ್ಲಿ ಹಣ ಹಾಕಬೇಕಾದ ಜಾಗ ಇದು. ಮಿಕ್ಸಿಯ ಅಲಗು ಬೀಜವನ್ನು ಬೀಸುವುದಿಲ್ಲ, ಕೊಚ್ಚುತ್ತದೆ. ಅರ್ಧ ಧೂಳಾಗುತ್ತದೆ, ಅರ್ಧ ನುಚ್ಚಾಗಿ ಉಳಿಯುತ್ತದೆ. ಧೂಳು ಕಹಿ ಬಿಡುತ್ತದೆ, ನುಚ್ಚು ಸಪ್ಪೆಯಾಗಿ ಉಳಿಯುತ್ತದೆ, ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಎರಡು ಹಲ್ಲಿನ ಚಕ್ರಗಳ ನಡುವೆ ಬೀಜವನ್ನು ಅರೆಯುವ ಬರ್ ಗ್ರೈಂಡರ್ ಬೇಕು. ಎರಡು ಮೂರು ಸಾವಿರ ರೂಪಾಯಿಗೆ ಕೈಯಲ್ಲಿ ತಿರುಗಿಸುವ ಗಿರಣಿ ಸಿಗುತ್ತದೆ. ಚಕ್ರ ಸ್ಟೀಲಿನದ್ದಾಗಿರಲಿ, ತಿರುಗಿಸುವಾಗ ನಡುಗಂಬಿ ಅಲುಗಾಡಬಾರದು. ಕೊಳ್ಳುವಾಗ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನ ಮನೆಗೆ ಕೈಗಿರಣಿಯೇ ಸರಿ. ದಿನಕ್ಕೆ ಎಂಟು ಹತ್ತು ಲೋಟ ಕಾಫಿಯಾಗುವ ಮನೆಯಾದರೆ ಮಾತ್ರ ವಿದ್ಯುತ್ತಿನದು ನೋಡಿ.

ಹಳೆಯ ಮನೆಗಳಲ್ಲಿ ಗೋಡೆಗೋ ಮೇಜಿಗೋ ತಿರುಪಿ ಕೂರಿಸಿದ ಕಬ್ಬಿಣದ ಕಾಫಿ ಗಿರಣಿಗಳಿರುತ್ತವೆ. ಅಟ್ಟದಲ್ಲಿದ್ದರೆ ಇಳಿಸಿ, ತುಕ್ಕು ಉಜ್ಜಿ, ಒಂದು ಹಿಡಿ ಅಕ್ಕಿ ಬೀಸಿ ಚೊಕ್ಕ ಮಾಡಿ. ಹಲ್ಲು ಸವೆದಿರದಿದ್ದರೆ ಫಿಲ್ಟರ್ ಕಾಫಿಗೆ ಅದರಷ್ಟು ಚೆನ್ನಾಗಿ ಬೀಸುವುದು ಹೊಸ ಅಗ್ಗದ ಯಂತ್ರಗಳಲ್ಲಿ ಸಿಗುವುದು ಕಷ್ಟ.

ಹದಕ್ಕೆ ಅಡುಗೆಮನೆಯಲ್ಲೇ ಅಳತೆಗೋಲಿದೆ. ಪುಡಿಯನ್ನು ನೀರಿನಲ್ಲಿ ನೆನೆಸಿ ಜಾಲರಿಯಿಂದ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ಗೆ ಉಪ್ಪಿಟ್ಟಿನ ದಪ್ಪ ರವೆ, ಕಾಗದದಲ್ಲಿ ಸೋಸುವ ಕಾಫಿಗೆ ಅದಕ್ಕಿಂತ ತುಸು ಸಣ್ಣ, ನಮ್ಮ ಫಿಲ್ಟರಿಗೂ, ಒಲೆಯ ಮೇಲಿಟ್ಟು ಹಬೆಯ ಒತ್ತಡದಿಂದ ಕಾಫಿ ಇಳಿಸುವ ಮೋಕಾ ಪಾಟ್‌ಗೂ ಚಿರೋಟಿ ರವೆಗಿಂತ ಒಂದು ಪಟ್ಟು ಸಣ್ಣ. ಬೆರಳ ನಡುವೆ ಉಜ್ಜಿದರೆ ಕಣ ತಗುಲಬೇಕು. ಮೈದಾದಂತೆ ಜಾರಿದರೆ ಅದು ಎಸ್ಪ್ರೆಸೊ ಹದ, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಗಿರಣಿ ಕೊಳ್ಳಲು ಸದ್ಯಕ್ಕೆ ಆಗದಿದ್ದರೆ ಬೇಸರ ಬೇಡ. ಅಂಗಡಿಯಲ್ಲಿ ನಿಮ್ಮೆದುರೇ ಬೀಸಿಸಿ, 100 ಗ್ರಾಮಿನಂತೆ ತನ್ನಿ.

ಯಾವ ಪಾತ್ರೆ?

ಹಾಲಿನ ಕಾಫಿಗೆ ನಮ್ಮ ಎರಡು ಅಂತಸ್ತಿನ ಫಿಲ್ಟರ್. ಇದರಲ್ಲಿ ನೋಡಬೇಕಾದದ್ದು ಮೂರು. ತೂತುಗಳು ಸಣ್ಣಗಿದ್ದು ಎಲ್ಲ ಕಡೆ ಸಮನಾಗಿರಬೇಕು, ಬೆಳಕಿಗೆ ಹಿಡಿದರೆ ಒಂದೂ ಮುಚ್ಚಿರಬಾರದು. ಮೇಲಿನ ಪಾತ್ರೆ ಕೆಳಗಿನದರ ಮೇಲೆ ಕೂತಾಗ ಅಲುಗಾಡಬಾರದು. ಮೂರನೆಯದು ಗಾತ್ರ, ಹೆಚ್ಚಿನವರು ಎಡವುವುದು ಇಲ್ಲಿ. ಇಬ್ಬರಿರುವ ಮನೆಗೆ ಎಂಟು ಲೋಟದ ಫಿಲ್ಟರ್ ತಂದು ತಳದಲ್ಲಿ ಎರಡು ಚಮಚ ಪುಡಿ ಹರಡಿದರೆ ನೀರು ಸುರಿದ ಕೂಡಲೇ ಕೆಳಗಿರುತ್ತದೆ. ಪುಡಿಯ ಪದರ ಕನಿಷ್ಠ ಎರಡು ಬೆರಳು ದಪ್ಪವಿರುವಷ್ಟು ಚಿಕ್ಕ ಫಿಲ್ಟರ್ ಕೊಳ್ಳಿ, ನೆಂಟರು ಬಂದಾಗಿನ ಲೆಕ್ಕಕ್ಕೆ ಇನ್ನೊಂದು ದೊಡ್ಡದಿರಲಿ. ಹಿತ್ತಾಳೆಯದು ನೋಡಲು ಚೆಂದ, ಬಿಸಿ ಹಿಡಿಯುತ್ತದೆ. ಆದರೆ ಹುಣಸೆಹಣ್ಣು ಹಾಕಿ ತಿಕ್ಕುವ ಉತ್ಸಾಹ ಎಷ್ಟು ದಿನವಿರುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಒಳಗೆ ಕಲಾಯಿ ಇಲ್ಲದಿದ್ದರೆ ಡಿಕಾಕ್ಷನ್ ಅನ್ನು ಅದರಲ್ಲಿ ರಾತ್ರಿಯಿಡೀ ಬಿಡಬೇಡಿ.

ಮೋಕಾ ಪಾಟ್ 1933ರಲ್ಲಿ ಇಟಲಿಯಲ್ಲಿ ಹುಟ್ಟಿದ್ದು. ಐದಾರು ನಿಮಿಷದಲ್ಲಿ ಗಟ್ಟಿ ಕಾಫಿ ಕೊಡುತ್ತದೆ, ಬೆಳಗ್ಗೆ ಬಸ್ ಹಿಡಿಯುವವರಿಗೆ ಅನುಕೂಲ. ಪುಡಿಯನ್ನು ಒತ್ತಬೇಡಿ, ನೀರು ಕೆಳಪಾತ್ರೆಯ ಸುರಕ್ಷಾ ಕವಾಟದ ಕೆಳಗಿರಲಿ, ಉರಿ ಸಣ್ಣದಿರಲಿ. ಅಲ್ಯೂಮಿನಿಯಂನದು ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ನೆನಪಿಡಿ.

ಹಾಲಿಲ್ಲದ ಕಾಫಿ ಕುಡಿಯುವವರಿಗೆ ಫ್ರೆಂಚ್ ಪ್ರೆಸ್ ಸುಲಭ. 30 ಗ್ರಾಂ ಪುಡಿಗೆ 450 ಮಿಲಿ ನೀರು, ನಾಲ್ಕು ನಿಮಿಷ, ಒತ್ತಿ ಬಗ್ಗಿಸುವುದು. ತಳದಲ್ಲಿ ಗಸಿ ಉಳಿಯುತ್ತದೆ, ಕೊನೆಯ ಗುಟುಕು ಬಿಟ್ಟುಬಿಡಿ. ಗಸಿ ಆಗದವರಿಗೆ ಕಾಗದದ ಫಿಲ್ಟರ್ ಇಡುವ ಶಂಕುವಿನಾಕಾರದ ಡ್ರಿಪ್ಪರ್ ಇದೆ; 15 ಗ್ರಾಮಿಗೆ 240 ಮಿಲಿ.

ಎಸ್ಪ್ರೆಸೊ ಯಂತ್ರದ ಬಗ್ಗೆ ಒಂದೇ ಮಾತು: ಯಂತ್ರಕ್ಕೆ ಕೊಡುವಷ್ಟೇ ಹಣವನ್ನು ಗಿರಣಿಗೂ ಕೊಡಲು ಸಿದ್ಧರಿಲ್ಲದಿದ್ದರೆ ಬೇಡ. ಪೆಟ್ಟಿಗೆಯ ಮೇಲಿನ "15 ಬಾರ್" ನೋಡಿ ಮರುಳಾಗಬೇಡಿ, ಎಸ್ಪ್ರೆಸೊಗೆ ಬೇಕಾದದ್ದು 9 ಬಾರ್ ಆಸುಪಾಸಿನ ಒತ್ತಡ.

ಇದೆಲ್ಲದರ ಜೊತೆಗೆ ಒಂದು ಚಿಕ್ಕ ತಕ್ಕಡಿ ತನ್ನಿ. ಚಮಚದ ಲೆಕ್ಕ ಕೈಯಿಂದ ಕೈಗೆ ಬದಲಾಗುತ್ತದೆ, ಗ್ರಾಂ ಬದಲಾಗುವುದಿಲ್ಲ.

ಡಿಕಾಕ್ಷನ್ ಇಳಿಸುವ ಕ್ರಮ

ಇಬ್ಬರಿಗೆ 20 ಗ್ರಾಂ ಪುಡಿ, 120 ಮಿಲಿ ನೀರು. ಮೊದಲು ಫಿಲ್ಟರನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ. ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ತಟ್ಟಿ ಸಮ ಮಾಡಿ, ಹಿಡಿಯಿರುವ ತೂತಿನ ತಟ್ಟೆಯನ್ನು ಅದರ ಮೇಲಿಟ್ಟು ಹಗುರಾಗಿ ಒತ್ತಿ. ಶಕ್ತಿ ಪ್ರದರ್ಶನ ಬೇಡ.

ಪುಸ್ತಕಗಳಲ್ಲಿ "ನೀರು ಕುದಿದ ಮೇಲೆ ಒಂದು ನಿಮಿಷ ಬಿಟ್ಟು ಸುರಿಯಿರಿ" ಎಂದಿರುತ್ತದೆ. ಅದು ಕಡಲ ಮಟ್ಟದ ಊರುಗಳ ಮಾತು. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯುವುದೇ 96–97 ಡಿಗ್ರಿಯಲ್ಲಿ. ಹಾಸನದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಾಫಿಗೆ ಬೇಕಾದದ್ದು 92ರಿಂದ 96. ಹಾಗಾಗಿ ನಾವು ಕಾಯುವ ಅಗತ್ಯವಿಲ್ಲ, ಕುದಿಯುತ್ತಿದ್ದಂತೆ ಸುರಿಯಬಹುದು. ಮಂಗಳೂರಿನ ಮಗಳ ಮನೆಗೆ ಫಿಲ್ಟರ್ ಒಯ್ದವರು ಮಾತ್ರ ಆ ಒಂದು ನಿಮಿಷ ಕಾಯಲಿ.

ಮೊದಲು 30 ಮಿಲಿಯಷ್ಟು ನೀರನ್ನು ತಟ್ಟೆಯ ಮೇಲೆ ಸುತ್ತಲೂ ಸುರಿದು ಅರ್ಧ ನಿಮಿಷ ಬಿಡಿ. ಹೊಸ ಪುಡಿಯಾದರೆ ಅಂಚಿನಲ್ಲಿ ನೊರೆಯ ಗುಳ್ಳೆ ಏಳುತ್ತದೆ. ಗುಳ್ಳೆಯೇ ಏಳದಿದ್ದರೆ ಪುಡಿ ಹಳೆಯದು, ಅಂಗಡಿಯವನು ಏನೇ ಹೇಳಿರಲಿ. ನಂತರ ಉಳಿದ ನೀರು ಸುರಿದು ಮುಚ್ಚಿಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸುಮಾರು 80 ಮಿಲಿ ಡಿಕಾಕ್ಷನ್ ಕೆಳಗಿರುತ್ತದೆ, ಉಳಿದ ನೀರನ್ನು ಚರಟ ಕುಡಿದಿರುತ್ತದೆ. ಐದು ನಿಮಿಷದೊಳಗೆ ಇಳಿದುಬಿಟ್ಟರೆ ಮುಂದಿನ ಸಲ ಇನ್ನೂ ಸಣ್ಣಗೆ ಬೀಸಿ. ಅರ್ಧ ಗಂಟೆಯಾದರೂ ಇಳಿಯದಿದ್ದರೆ ಮೇಲಿನ ಪಾತ್ರೆಯನ್ನು ಒಮ್ಮೆ ತುಸು ಎತ್ತಿ ಇಡಿ. ಕೆಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ನಿಂತಿರುತ್ತದೆ. ಆಗಲೂ ಇಳಿಯದಿದ್ದರೆ ಪುಡಿ ಅತಿ ನುಣ್ಣಗಾಗಿದೆ.

ನೀರಿನ ಬಗ್ಗೆಯೂ ಗಮನವಿರಲಿ. ಕಡೂರು, ಅರಸೀಕೆರೆ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಅರೇಬಿಕಾದ ಹುಳಿಯೆಲ್ಲ ಸತ್ತು ಕಾಫಿ ಮಣ್ಣುಮಣ್ಣಾಗುತ್ತದೆ. ಶುದ್ಧೀಕರಿಸಿದ ನೀರು ಬಳಸಿ. ಅದೂ ತೀರಾ ಸಪ್ಪೆ ಎನಿಸಿದರೆ ಸ್ವಲ್ಪ ನಲ್ಲಿ ನೀರು ಬೆರೆಸಿ.

ಹಾಲು ಒಮ್ಮೆ ಉಕ್ಕಿ ಬಂದ ಕೂಡಲೇ ಒಲೆ ಆರಿಸಿ, 100 ಮಿಲಿ ಹಾಲಿಗೆ 30–40 ಮಿಲಿ ಡಿಕಾಕ್ಷನ್ ಬೆರೆಸಿ. ಶೇ. 3 ಕೊಬ್ಬಿನ ಹಾಲಾದರೆ ನೀರು ಸೇರಿಸಬೇಡಿ, ಶೇ. 6ರ ಗಟ್ಟಿ ಹಾಲಾದರೆ ಕಾಲು ಭಾಗ ನೀರು ಸೇರಬಹುದು. ಡಿಕಾಕ್ಷನ್ ಅನ್ನು ಎಂದೂ ಒಲೆಯ ಮೇಲೆ ಕುದಿಸಬೇಡಿ, ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನು ನಿಲ್ಲಿಸಿ ಬೆಚ್ಚಗೆ ಮಾಡಿ. ಅದೇ ಪುಡಿಗೆ ಎರಡನೇ ಸಲ ನೀರು ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆ ನೀರಿನಲ್ಲಿ ಬಣ್ಣವಿರುತ್ತದೆ, ಕಹಿ ಇರುತ್ತದೆ, ಕಾಫಿ ಇರುವುದಿಲ್ಲ. ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಹಾಕುವುದು ಮೇಲು.

ಇಡುವುದು, ತೊಳೆಯುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ಕಾಫಿ ಪುಡಿಯ ಪಾಡು ಕೇಳಬೇಕೆ? ಬಿಗಿ ಮುಚ್ಚಳದ, ಬೆಳಕು ಹೋಗದ ಡಬ್ಬ ಬಳಸಿ, ಅದೂ ಬೀಜದ ಪ್ರಮಾಣಕ್ಕೆ ತಕ್ಕಷ್ಟು ಚಿಕ್ಕದು. ದೊಡ್ಡ ಡಬ್ಬದ ತಳದಲ್ಲಿ ಸ್ವಲ್ಪ ಬೀಜವಿದ್ದರೆ ಉಳಿದ ಜಾಗವೆಲ್ಲ ಗಾಳಿಯೇ. ಒಲೆಯ ಪಕ್ಕದ ಗೂಡು ಬೇಡ. ಫ್ರಿಜ್ ಬಾಗಿಲಲ್ಲಿಟ್ಟು ದಿನಕ್ಕೆ ಎರಡು ಸಲ ತೆಗೆದರೆ ಪ್ರತಿ ಸಲವೂ ತಣ್ಣನೆಯ ಬೀಜದ ಮೇಲೆ ತೇವ ಕೂರುತ್ತದೆ, ಪಕ್ಕದ ಹುಳಿಯ ಪಾತ್ರೆಯ ವಾಸನೆಯೂ ಸೇರುತ್ತದೆ. ಮಸಾಲೆ ಡಬ್ಬದ ಹತ್ತಿರವೂ ಇಡಬೇಡಿ.

ಫಿಲ್ಟರನ್ನು ಪ್ರತಿ ಸಲ ಬಿಸಿನೀರಿನಲ್ಲಿ ತೊಳೆದು, ಬಿಡಿಬಿಡಿಯಾಗಿ ಕವುಚಿ ಒಣಗಿಸಿ. ಕಾಫಿಯ ಎಣ್ಣೆ ಉಳಿದರೆ ಮರುದಿನ ಕಮಟು ವಾಸನೆ ಬರುತ್ತದೆ. ಗಿರಣಿಯ ಹಲ್ಲುಗಳನ್ನು ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಿ, ನೀರು ಮುಟ್ಟಿಸಬೇಡಿ. ಫಿಲ್ಟರಿನ ತೂತುಗಳು ಕ್ರಮೇಣ ಕಟ್ಟಿಕೊಳ್ಳುವುದು ಖಂಡಿತ. ಪಿನ್ನು ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಪುಡಿಯೇ ಕೆಳಗಿಳಿಯುತ್ತದೆ. ಸ್ಟೀಲಿನದಾದರೆ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸ್ ಉರಿಗೆ ಒಂದೆರಡು ನಿಮಿಷ ತೋರಿಸಿ, ಸಿಕ್ಕಿಕೊಂಡ ಕಣಗಳು ಸುಟ್ಟು ಬೂದಿಯಾಗುತ್ತವೆ. ಆರಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊರಗಿನಿಂದ ಒಳಕ್ಕೆ ಉಜ್ಜಿ ತೊಳೆಯಿರಿ. ಕಲಾಯಿ ಹಾಕಿದ ಹಿತ್ತಾಳೆಗೆ ಈ ಉಪಾಯ ಬೇಡ, ಕಲಾಯಿ ಕರಗುತ್ತದೆ. ಅದನ್ನು ಬಿಸಿನೀರಿನಲ್ಲಿ ರಾತ್ರಿ ನೆನೆಸಿ ಬೆಳಗ್ಗೆ ಉಜ್ಜಿದರೆ ಸಾಕು.